ಪ್ಯಾಸೇಜ್ ಮಾಸ್ತರು

ಅಂಕಲಿ ಸೀಮೆಯಲ್ಲಿ ಕಬ್ಬಿನ ಹಂಗಾಮೂ ನವೋದಯ, ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಯ ಹಂಗಾಮೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು; ಅವುಗಳ ಸಂದಿಯಲ್ಲಿ ಬೆನ್ನಿಗೆ ಗೈಡು ಹೇರಿಕೊಂಡು ಸೈಕಲ್ ತುಳಿಯುವ ಐದನೇ ಇಯತ್ತೆಯ ಹುಡುಗರು. ಕಬ್ಬು ಕಡಿಯುವ ಟೋಳಿಗೆ ಮುಕಾದಮ ಇರುವಂತೆ ಈ ಟೋಳಿಗೂ ಒಬ್ಬರಿದ್ದಾರೆ. ಬೋರ್ಡಿನ ಮೇಲೆ ಅವರ ಹೆಸರಿನ ಪಕ್ಕ ಬಿ.ಎ., ಬಿ.ಎಡ್. ಎಂದಿದೆ. ಜನರ ಬಾಯಲ್ಲಿ ಮಾತ್ರ ಪ್ಯಾಸೇಜ್ ಮಾಸ್ತರು. ಚಿಕ್ಕೋಡಿ, ರಾಯಬಾಗ, ಅಥಣಿ, ಯಾವ ಪೇಟೆಗೆ ಹೋದರೂ ಇಂಥವರೊಬ್ಬರು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಸಿಕ್ಕೇ ಸಿಗುತ್ತಾರೆ.

ಕ್ಲಾಸಿನ ಬಾಗಿಲಿಗೊಂದು ಫ್ಲೆಕ್ಸು, ಫ್ಲೆಕ್ಸಿನ ತುಂಬ ಆಯ್ಕೆಯಾದ ಮಕ್ಕಳ ಫೋಟೊ. ಅವರಲ್ಲೊಬ್ಬ ಹುಡುಗ ನಿಪ್ಪಾಣಿಯ ಫ್ಲೆಕ್ಸಿನಲ್ಲೂ ಇದ್ದಾನೆ, ಕಾಗವಾಡದ ಫ್ಲೆಕ್ಸಿನಲ್ಲೂ ಇದ್ದಾನೆ. ಮೂರೂ ಕಡೆ ಅದೇ ಅಂಗಿ, ಅದೇ ಬೆದರಿದ ಮುಖ. ಕೇಳಿದರೆ ಮಾಸ್ತರು ವಿಚಲಿತರಾಗುವುದಿಲ್ಲ. "ನಮ್ಮಲ್ಲಿ ನಾಕ್ ದಿನಾ ಬಂದಿದ್ದನ್ರಿ. ಬುನಾದಿ ನಮ್ದ."

ಜಿಲ್ಲೆಯ ನವೋದಯ ವಿದ್ಯಾಲಯ ಇದೇ ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿದೆ. ಕಣ್ಣಳತೆಯ ಶಾಲೆ, ಹಾಗಾಗಿ ಆಸೆಯೂ ಹತ್ತಿರದ್ದು. ಪರೀಕ್ಷೆಯಲ್ಲಿ 2 ತಾಸಿಗೆ 80 ಪ್ರಶ್ನೆ. ಅವುಗಳಲ್ಲಿ 20 ಭಾಷೆಯವು, ನಾಲ್ಕು ಪ್ಯಾಸೇಜು, ಒಂದೊಂದಕ್ಕೆ ಐದೈದು. ಇದನ್ನು ಕನ್ನಡದಲ್ಲಿ ಬರೆಯಬಹುದು, ಮರಾಠಿಯಲ್ಲಿ ಬರೆಯಬಹುದು. ಮಾಸ್ತರು ಇದನ್ನು ಮುಚ್ಚಿಡುವವರಲ್ಲ, ಮೊದಲ ದಿನವೇ ಹೇಳಿಬಿಡುತ್ತಾರೆ.

"ಮನ್ಯಾಗ ಕನ್ನಡ, ಅವರವ್ವನ ತವರಮನಿ ಕಡೆ ಮರಾಠಿ. ಎರಡರಾಗ ಯಾವುದರಾಗ ಬರದ್ರೂ ನಡೀತೈತ್ರಿ."

"ಅವೆರಡೂ ಬರ್ತಾವಲ್ರಿ ಸರ ಅವಗ! ಬರೂದಕ್ಕ ಯಾಕ ಫೀ ತುಂಬೂದು? ಇಂಗ್ಲಿಷ್ ಮಾಡಸ್ರಿ."

ಈ ತರ್ಕಕ್ಕೆ ಉತ್ತರವಿಲ್ಲ. ಹೀಗೆನ್ನುವ ಅಪ್ಪಂದಿರ ಪೈಕಿ ಸರಕಾರಿ ಶಾಲೆಯಲ್ಲಿ ಓದಿದವರೆಲ್ಲ ಎಬಿಸಿಡಿ ಕಂಡದ್ದು ಐದನೇ ಇಯತ್ತೆಯಲ್ಲಿ. ಒಂದನೆಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟೊತ್ತಿಗೆ ಇವರು ಕಬ್ಬಿನ ಗದ್ದೆಗೆ ಇಳಿದಾಗಿತ್ತು.

ಇನ್ನು ಮಾಸ್ತರ ಪದ್ಧತಿ. ಅದರ ಮೊದಲ ಸೂತ್ರ: ಪ್ಯಾಸೇಜ್ ಓದಬಾರದು.

"ಲೇ ತಮ್ಮಾ, ಓದಾಕ ಕುಂತಿ ಅಂದ್ರ ಟೈಮ್ ಹೋತು. ಮೊದಲ ಪ್ರಶ್ನಿ ನೋಡು. ಅದರಾಗ ಒಂದ ದೊಡ್ಡ ಶಬ್ದ ಹಿಡಿ. ಅದನ್ನ ಪ್ಯಾಸೇಜಿನಾಗ ಹುಡುಕು. ಅದರ ಆಜೂಬಾಜೂ ಏನೈತಿ, ಅದ ಉತ್ತರ. ವೆನ್ ಅಂದ್ರ ಅಂಕಿ ಹುಡುಕು. ಹೂ ಅಂದ್ರ ಕ್ಯಾಪಿಟಲ್ ಅಕ್ಷರ ಹುಡುಕು. ವಾಯ್ ಅಂದ್ರ?"

"ಬಿಕಾಸ್ ಹುಡುಕಬೇಕ್ರೀ ಸರ!" ಮಾಳಿಗೆ ಅದುರುತ್ತದೆ. ಕೆಳಗೆ ಯೂರಿಯಾ ಕೊಳ್ಳಲು ಬಂದ ರೈತರು ಒಮ್ಮೆ ಮೇಲೆ ನೋಡಿ ಸಮಾಧಾನಪಡುತ್ತಾರೆ, ವಿದ್ಯೆ ನಡೆದಿದೆ ಎಂದು.

ಪದ್ಧತಿಯ ತಾಕತ್ತು ನಿಜಕ್ಕೂ ತಿಳಿದದ್ದು ಒಂದು ಝೆರಾಕ್ಸಿನ ದೆಸೆಯಿಂದ. ಮಾಸ್ತರ ಪ್ಯಾಸೇಜುಗಳೆಲ್ಲ ಯಾವುದೋ ಹಳೆಯ ಗೈಡಿನವು. ಹಿಮದ ಬೊಂಬೆ ಮಾಡುವ ಟಾಮ್, ಬೇಕರಿಯಲ್ಲಿ ದಾರಿ ತಪ್ಪಿದ ಮೇರಿ. ಝೆರಾಕ್ಸಿನ ಝೆರಾಕ್ಸ್ ಆಗಿ ಆಗಿ ಟಾಮ್‌ನ ಮುಖದ ತುಂಬ ಕಪ್ಪು ಚುಕ್ಕೆ. ಒಮ್ಮೆ ಅಂಗಡಿಯವ ಹಾಳೆಯನ್ನು ವಾರೆಯಾಗಿಟ್ಟ; ಪ್ರತಿ ಸಾಲಿನ ಕೊನೆಯ ಎರಡು ಶಬ್ದ ಹಾಳೆಯಾಚೆ ಹೋದವು. ಯಾವ ವಾಕ್ಯಕ್ಕೂ ಬಾಲವಿಲ್ಲ. ಟೆಸ್ಟ್ ಆಯಿತು, ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳಿಗೆ ಐದಕ್ಕೆ ಐದು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು "ಸರ, ಇದರಾಗ ಅರ್ಧಾ ಬಂದೇ ಇಲ್ರಿ, ಟಾಮ್ ಮನಿಗಿ ಹ್ವಾದ್ನೋ ಇಲ್ಲೋ ತಿಳೀವಲ್ದು" ಎಂದಳು. ಅವಳಿಗೆ ಬಿದ್ದದ್ದು ಎರಡು. ಓದಿಬಿಟ್ಟಿದ್ದಳು, ಪಾಪ.

ಇದಕ್ಕಿಂತ ದೊಡ್ಡ ಪೇಚು ಬಂದದ್ದು ಮಾಸ್ತರು ಟಾಮ್‌ನನ್ನು ಬಿಟ್ಟು, ಮಕ್ಕಳಿಗೆ ಹತ್ತಿರವಾಗಲೆಂದು, ಕಬ್ಬಿನ ಮೇಲೆ ಒಂದು ಪ್ಯಾಸೇಜು ತಂದ ದಿನ. ಕಬ್ಬು ಬೆಳೆಯಲು ಹನ್ನೆರಡು ತಿಂಗಳು ಬೇಕು ಎಂದು ಅದರಲ್ಲಿತ್ತು. ಎಷ್ಟು ತಿಂಗಳು ಬೇಕು ಎಂಬ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗ ಹದಿನೆಂಟಕ್ಕೆ ಗುರುತು ಹಾಕಿದ್ದ.

"ಹನ್ನೆರಡ ಅಂತ ಕಣ್ಣಿಗಿ ಕಾಣವಲ್ದೇನೋ?"

"ಕಾಣ್ತೈತ್ರಿ. ಆದ್ರ ನಮ್ದು ಅಡಸಾಲಿ ಲಾವಣಿ ಐತ್ರಿ ಸರ. ಆಷಾಢದಾಗ ಹಚ್ಚೀವಿ. ಹದಿನಾರರಿಂದ ಹದಿನೆಂಟ ತಿಂಗಳ ಹಿಡೀತೈತಿ."

"ಮತ್ತ ಕೂಳೆ ಕಬ್ಬಿಗಿ?" ಎಂದು ಇನ್ನೊಬ್ಬ ಎದ್ದ. ಕೂಳೆ ಬೇಗ ಬರುತ್ತದೆಂದು ಮೂರನೆಯವ. ಪ್ಯಾಸೇಜು ಬರೆದವನ ಹೊಲ ಎಲ್ಲಿದೆ, ನೀರು ಹೊಳೆಯದೋ ಬೋರಿನದೋ ಎಂದು ನಾಲ್ಕನೆಯವ. ಟಾಮ್‌ನ ಬಗ್ಗೆ ಇಡೀ ವರ್ಷ ಒಂದು ಪ್ರಶ್ನೆ ಕೇಳದ ಮಕ್ಕಳು ಅಂದು ಪ್ಯಾಸೇಜಿನ ಪ್ರತಿ ಸಾಲನ್ನೂ ಓದಿದರು, ಪ್ರತಿ ಸಾಲಿಗೂ ತಕರಾರು ತೆಗೆದರು. ಮಾಸ್ತರು ಗದರಿದರು: "ನಿಮ್ಮ ಹೊಲದಾಗ ಎಷ್ಟಾರ ತಿಂಗಳ ಹಿಡೀಲಿ. ಪರೀಕ್ಷಾದಾಗ ಹನ್ನೆರಡ!"

ನನ್ನ ಕೇಳಿದರೆ ಆ ವರ್ಷ ಆ ಕ್ಲಾಸಿನಲ್ಲಿ ನಡೆದ ನಿಜವಾದ ಇಂಗ್ಲಿಷ್ ಓದು ಅದೊಂದೇ. ಇದು ನನ್ನ ಹುರುಪಿನ ಮಾತಲ್ಲ. ಅಮೆರಿಕದಲ್ಲಿ ಡೊನಾ ರೆಕ್ಟ್, ಲಾರೆನ್ ಲೆಸ್ಲಿ ಎಂಬಿಬ್ಬರು 64 ಶಾಲಾಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಪಾಠ ಓದಿಸಿ, ಓದಿದ್ದನ್ನು ಮಾದರಿ ಮೈದಾನದ ಮೇಲೆ ಬೊಂಬೆ ಸರಿಸಿ ತೋರಿಸಲು ಹೇಳಿದರು. ಫಲಿತಾಂಶ ಅಚ್ಚಾದದ್ದು 1988ರಲ್ಲಿ. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದವರನ್ನು ಮೀರಿಸಿದ್ದರು. ಬೇಸ್‌ಬಾಲ್ ಇದ್ದ ಕಡೆ ಅಡಸಾಲಿ ಎಂದು ಬರೆದುಕೊಂಡರೆ ನಮ್ಮ ಹಿಂದಿನ ಬೆಂಚಿಗೂ ಅದೇ ಲೆಕ್ಕ. ಇದನ್ನು ಮಾಸ್ತರಿಗೆ ಹೇಳಿದೆ. ಶ್ರದ್ಧೆಯಿಂದ ಕೇಳಿ, "ಬೇಸ್‌ಬಾಲ್ ಮ್ಯಾಲ ಪ್ಯಾಸೇಜ್ ಬರಬಹುದೇನ್ರಿ ಈ ಸಲಾ?" ಎಂದರು.

ಅವರನ್ನು ಬೈಯಲೂ ಮನಸ್ಸು ಬರುವುದಿಲ್ಲ. 80 ಪ್ರಶ್ನೆಗೆ 2 ತಾಸು ಎಂದರೆ ಒಂದಕ್ಕೆ ಒಂದೂವರೆ ನಿಮಿಷ, ಅದರಲ್ಲೇ ಓದಬೇಕು, ಗುಂಡಿ ತುಂಬಬೇಕು. ಆ ಗಡಿಯಾರ ಹೂಡಿದವರು ಇವರಲ್ಲ. ಫೀ ಬಾಕಿಯಿದ್ದ ಮಕ್ಕಳನ್ನು ಹೊರಗೆ ನಿಲ್ಲಿಸಿದವರೂ ಅಲ್ಲ. ಬಿಲ್ಲು ಬಂದ ಮೇಲೆ ಕೊಡಲಿ ಅನ್ನುತ್ತಾರೆ. ಕಬ್ಬಿನ ಬಿಲ್ಲು ಬರುವುದು ಯಾವಾಗ ಎಂಬ ಪ್ರಶ್ನೆಗೆ ಯಾವ ಪ್ಯಾಸೇಜಿನಲ್ಲೂ ಉತ್ತರವಿಲ್ಲ.

ಬಿಲ್ಲು ಬಂತು. ಅಡಸಾಲಿ ಹುಡುಗನ ಅಪ್ಪ ಇಂಗ್ಲಿಷಿನಲ್ಲಿದ್ದ ಆ ಚೀಟಿಯನ್ನು ಮಗನ ಮುಂದೆ ಹಿಡಿದ. "ಓದೋ, ಏನ ಬರದಾರ ನೋಡು."

"ಮೊದಲ ಪ್ರಶ್ನಿ ಹೇಳಪ್ಪಾ. ಆಮ್ಯಾಲ ಹುಡಕತೀನಿ."

"ಪ್ರಶ್ನಿ ನನಗ ಗೊತ್ತಿದ್ರ ನಿನಗ್ಯಾಕ ಕ್ಲಾಸಿಗಿ ಹಚ್ಚತಿದ್ದೆ?" ಎಂದವನೇ ಅಪ್ಪ ಸೀದಾ ಮಾಳಿಗೆ ಹತ್ತಿದ.

ಮಾಸ್ತರು ಕನ್ನಡಕ ಏರಿಸಿ ಬೆರಳು ಓಡಿಸಿದರು. ಗ್ರಾಸ್, ಟೇರ್, ನೆಟ್, ಡಿಡಕ್ಷನ್. ಒಂದೊಂದನ್ನೂ ಹಿಡಿದು ಪಕ್ಕದ ಅಂಕಿ ಹೇಳಿದರು.

"ಅದೆಲ್ಲಾ ನನಗೂ ತಿಳೀತೈತ್ರಿ ಸರ. ಇಷ್ಟ ರೊಕ್ಕಾ ಯಾಕ ಕಡದಾರ, ಅದನ್ನಟ ಹೇಳ್ರಿ."

ವಾಯ್ ಪ್ರಶ್ನೆ. ಮಾಸ್ತರ ಬೆರಳು ಮೇಲಿಂದ ಕೆಳಗೆ ಒಮ್ಮೆ ಇಳಿಯಿತು, ಕೆಳಗಿಂದ ಮೇಲೆ ಒಮ್ಮೆ ಏರಿತು. ಚೀಟಿ ಮಗುಚಿ ಬೆನ್ನೂ ನೋಡಿದರು.

"ಮುಂದಿನ ಪೇಜ್ ಕೊಟ್ಟಿಲ್ಲೇನ್ರಿ ಕಾರ್ಖಾನಿಯವರು?"