ಡ್ಯಾನ್ಸ್ ಫ್ಲೋರಿನಲ್ಲಿ ಟೇಬಲ್ ಹಾಕಿದವರಿಗೆ

ಬೆಂಗಳೂರಿನ ಟೆಕ್ನೊ ರಾತ್ರಿಗಳ ಮಾನ್ಯ ಆಯೋಜಕರಿಗೆ,

ತಾವು ಸೌಖ್ಯವಾಗಿದ್ದೀರೆಂದು ನಿಮ್ಮಲ್ಲಿನ ಬಿಯರಿನ ಬೆಲೆ ನೋಡಿದಾಗಲೇ ತಿಳಿಯಿತು. ಶನಿವಾರ ನಿಮ್ಮ ಕಾರ್ಯಕ್ರಮದಲ್ಲಿ ಕೈಕೊಟ್ಟಿದ್ದ ನನ್ನ ಕಿವಿಯೂ ಮಂಗಳವಾರದ ಹೊತ್ತಿಗೆ ದಾರಿಗೆ ಬಂತು.

ಈ ಪತ್ರಕ್ಕೆ ಕಾರಣ ನಿಮ್ಮ ವಿನಯ. ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ನಿಮ್ಮ ಕಡೆಯವರು ಆಡುವ ಮಾತೊಂದಿದೆ: “ಮ್ಯೂಸಿಕ್ ಸೂಪರ್, ಕ್ರೌಡ್ ಸರಿ ಇರಲಿಲ್ಲ ಅಷ್ಟೆ.” ಬೆನ್ನು ತಿರುಗಿಸಿ ಹರಟುವವರು, ಮೊಬೈಲ್ ಎತ್ತಿ ಹಿಡಿದು ಕೈ ಇಳಿಸದವರು, ಹಾಡಿನ ನಡುವೆ ಡಿಜೆಯ ಹೆಗಲು ತಟ್ಟಿ “ಗುರು, ಒಂದು ಬಾಲಿವುಡ್ ಹಾಕು” ಎನ್ನುವವರು, ಇವರೆಲ್ಲ ಎಲ್ಲಿಂದಲೋ ಬಂದು ನಿಮ್ಮ ರಾತ್ರಿ ಕೆಡಿಸಿದರು ಎಂಬಂತೆ ಮಾತಾಡುತ್ತೀರಿ. ಹೀಗೆ ಕೀರ್ತಿಯನ್ನು ಪರರಿಗೆ ಬಿಟ್ಟುಕೊಡುವುದು ಸರಿಯಲ್ಲ. ಆ ಕ್ರೌಡನ್ನು ಅಳತೆ ಕೊಟ್ಟು ಹೊಲಿಸಿದವರು ನೀವು. ಎಲ್ಲೂ ಒಂದಿಂಚು ಸಡಿಲವಿಲ್ಲ.

ಮೊದಲು ಜಾಗದ ಆಯ್ಕೆಯನ್ನೇ ನೋಡಿ. ಟೆಕ್ನೊ ಡಿಜೆಯೊಬ್ಬರನ್ನು ಯೂರೋಪಿನಿಂದ ವಿಮಾನ ಹತ್ತಿಸಿ ತಂದು, ಮೂರಂತಸ್ತಿನ ಎತ್ತರದ ಸೂರು, ಮೂರು ಕಡೆ ಗಾಜು, ನಾಲ್ಕನೆಯ ಕಡೆ ಮಿರಮಿರ ಮಿಂಚುವ ಸ್ಟೀಲ್ ಟ್ಯಾಂಕುಗಳಿರುವ ಬ್ರೂವರಿಯಲ್ಲಿ ನಿಲ್ಲಿಸಬೇಕೆಂಬ ಯೋಚನೆ ಸಾಮಾನ್ಯರಿಗೆ ಹೊಳೆಯುವಂಥದ್ದಲ್ಲ. ಗಾಜು, ಉಕ್ಕು, ಕಾಂಕ್ರೀಟು ಸದ್ದನ್ನು ಹೀರುವುದಿಲ್ಲ, ತಿರುಗಿ ನಮ್ಮ ಮುಖಕ್ಕೇ ಎಸೆಯುತ್ತವೆ. ಹಾಗಾಗಿ ಒಂದೊಂದು ಪೆಟ್ಟನ್ನೂ ಎರಡೆರಡು ಸಲ ಕೇಳಿದೆವು, ಅದೂ ಒಂದೇ ಟಿಕೆಟ್ಟಿನಲ್ಲಿ.

ಬೇಸ್‌ನ ಲೆಕ್ಕಾಚಾರ ಇನ್ನೂ ಸೊಗಸು. 50 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಅಷ್ಟುದ್ದದ ಅಲೆಗಳು ಎದುರುಬದುರು ಗೋಡೆಗಳ ನಡುವೆ ಓಡಾಡುವಾಗ ಕೆಲವು ಕಡೆ ಕೂಡಿಕೊಂಡು ಉಬ್ಬುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಉಬ್ಬುವುದು ಗೋಡೆಯ ಪಕ್ಕದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಗಳಲ್ಲಿ. ಆ ಮೂಲೆಗಳಲ್ಲಿ ನೀವು ಸೋಫಾ ಹಾಕಿ, ಕಾಲೇಜು ಗೆಳೆಯರ ಜೊತೆ ನಾಲ್ಕು ಮಾತಾಡಲು ಬಂದವರನ್ನು ಕೂರಿಸಿದ್ದಿರಿ. ಬೇಸ್ ಕೇಳಲೆಂದೇ ಬಂದ ನಾವು ಅದು ಕರಗಿಹೋಗುವ ನಡುಮನೆಯಲ್ಲಿ ನಿಂತು, ಮೂಲೆಯವರ ಮನೆ ಸಾಲದ ಬಡ್ಡಿ ದರ ಕೇಳುತ್ತಿದ್ದೆವು. ಅವರನ್ನು ಬೈಯುವುದು ಹೇಗೆ? ಮನರಂಜನೆಯ ತಾಣಗಳಲ್ಲಿ ಸದ್ದು ಸರಾಸರಿ 100 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಮಿತಿಯೊಳಗೇ ಇದ್ದರೂ ಮಾಣಿಯ ಹತ್ತಿರ ಇನ್ನೊಂದು ಪ್ಲೇಟ್ ಮಂಚೂರಿ ಕೇಳಲು ಗಂಟಲು ಹರಿದುಕೊಳ್ಳಬೇಕು. ಅವರು ಕಿರುಚಿದ್ದು ಅಸಭ್ಯತೆಯಿಂದಲ್ಲ, ಹಸಿವಿನಿಂದ.

ಇನ್ನು ಟೇಬಲ್. ಡಿಜೆಯ ಎದುರಿಗಿನ ಮೊದಲ ಇಪ್ಪತ್ತಡಿಯನ್ನು ಟೇಬಲ್‌ಗಳಿಗೆ ಬಿಟ್ಟುಕೊಟ್ಟ ನಿಮ್ಮ ದೂರದೃಷ್ಟಿ ದೊಡ್ಡದು. ಒಂದೊಂದು ಟೇಬಲ್‌ಗೂ ಇಂತಿಷ್ಟು ಸಾವಿರದ ಕನಿಷ್ಠ ಬಿಲ್ ಆಗಲೇಬೇಕು. ಅಷ್ಟು ಕೊಟ್ಟವರು ಎದ್ದು ಕುಣಿದರೆ ಆರ್ಡರ್ ಮಾಡುವವರು ಯಾರು? ಕೂತೇ ಇರಬೇಕು. ಕೂತವರಿಗೆ ಎದುರು ಕೂತವರ ಮುಖ ಕಾಣುತ್ತದೆ, ಮುಖ ಕಂಡರೆ ಮಾತು ಬರುತ್ತದೆ. ನಡುರಾತ್ರಿ ದಾಟಿದ ಮೇಲೆ, ಡಿಜೆ ಒಂದು ಗಂಟೆಯಿಂದ ಎಳೆಎಳೆಯಾಗಿ ಕಟ್ಟಿಕೊಂಡು ಬಂದ ಲಯ ಬಿರಿಯಲು ಇನ್ನೆರಡು ನಿಮಿಷ ಇರುವಾಗ, ಐದನೆಯ ಟೇಬಲ್‌ಗೆ ಬಾಟಲಿ ಬಂತು. ಬಾಟಲಿಯ ನೆತ್ತಿಯ ಮೇಲೆ ಸುರುಸುರು ಬತ್ತಿ, ಹಿಂದೆ ಮುಂದೆ ನಾಲ್ಕು ಜನ ಸಿಬ್ಬಂದಿ, ಯಾರದೋ ಹುಟ್ಟುಹಬ್ಬದ ಬೋರ್ಡು. ಇಡೀ ಸಭೆ ಅತ್ತ ತಿರುಗಿತು. ಡಿಜೆಯೂ ತಿರುಗಿದರು. ಆ ರಾತ್ರಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನೋಡಿದ್ದು ಅದೊಂದೇ ಸಲ.

ನಮ್ಮ ಜನಕ್ಕೆ ಈ ಸಂಗೀತ ಹತ್ತುವುದಿಲ್ಲ, ಅದು ಹೊರಗಿನದು ಎಂಬ ನಿಮ್ಮ ವಾದವೂ ಗೊತ್ತು. ಷಿಕಾಗೊದಲ್ಲಿ ಟೆಕ್ನೊದ ಬಳಗದ ಆಸಿಡ್ ಹೌಸ್ ಹುಟ್ಟುವ ಮೊದಲೇ, 1982ರಲ್ಲಿ, ಮುಂಬೈಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಎಂಬ ಎಲೆಕ್ಟ್ರಾನಿಕ್ ಸಂಗೀತ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದ್ದರು. ಅದಿರಲಿ. ಗಣೇಶ ಬಿಡುವ ಸಂಜೆ ಶ್ರೀರಾಮಪುರದಲ್ಲೋ ಹಲಸೂರಿನಲ್ಲೋ ಒಮ್ಮೆ ನಿಂತು ನೋಡಿ. ನಿಮ್ಮಲ್ಲಿ ಕೈಕಟ್ಟಿ ನಿಂತಿದ್ದ ಅದೇ ಹುಡುಗ ತಮಟೆಯ ಮುಂದೆ ಎರಡು ತಾಸು ಬೆವರು ಸುರಿಸುತ್ತಾನೆ. ಹಾಡಿಲ್ಲ, ಪಲ್ಲವಿಯಿಲ್ಲ, ಬಾಲಿವುಡ್ ಹಾಕೆಂದು ತಮಟೆಯವನನ್ನು ಯಾರೂ ಕೇಳುವುದಿಲ್ಲ. ಅದೇ ಪೆಟ್ಟು ಮತ್ತೆ ಮತ್ತೆ. ಒಂದೊಂದು ಸುತ್ತಿಗೂ ಬಿಸಿ ಏರುತ್ತದೆ. ಬಾರಿಸುವವರು ಎತ್ತರದ ವೇದಿಕೆಯ ಮೇಲಿಲ್ಲ, ಕುಣಿಯುವವರ ನಡುವೆಯೇ ಇರುತ್ತಾರೆ. ಕಾಲಿಗೆ ಜಾಗವಿದೆ. ಟೇಬಲ್ ಹಾಕಲು ಅಲ್ಲಿ ಯಾರಿಗೂ ತೋಚಿಲ್ಲ. ಪಾಪ, ನಿಮ್ಮಷ್ಟು ವ್ಯವಹಾರ ಜ್ಞಾನ ಗಣೇಶೋತ್ಸವ ಸಮಿತಿಯವರಿಗೆ ಎಲ್ಲಿಂದ ಬರಬೇಕು?

ಜರ್ಮನಿಯ ನ್ಯಾಯಾಧೀಶರು ನಿಮ್ಮಲ್ಲಿಗೆ ಬಾರದೆ ಹೋದದ್ದು ಮಾತ್ರ ನನಗೆ ದೊಡ್ಡ ಬೇಸರ. ಬರ್ಲಿನ್ನಿನ ಬೆರ್ಗ್‌ಹೈನ್ ಕ್ಲಬ್ಬಿನ ಹೆಸರು ನಿಮ್ಮ ಪೋಸ್ಟರುಗಳಲ್ಲಿ ಆಗಾಗ ಕಾಣಿಸುತ್ತದೆ, ಅಲ್ಲಿ ನುಡಿಸಿದವರು ಎಂಬ ಬಿರುದಿನ ಜೊತೆ. ಹಳೆಯ ವಿದ್ಯುತ್ ಸ್ಥಾವರವೊಂದರಲ್ಲಿ 2004ರಿಂದ ನಡೆಯುತ್ತಿರುವ ಕ್ಲಬ್ಬು ಅದು. ಅಲ್ಲಿನ ಟಿಕೆಟ್ಟಿನ ಮೇಲೆ ಎಷ್ಟು ತೆರಿಗೆ ಎಂಬ ಜಗಳ ತೆರಿಗೆ ನ್ಯಾಯಾಲಯಕ್ಕೆ ಹೋಯಿತು. ಬರೀ ಮೋಜಿನ ಜಾಗವಾದರೆ ಶೇ. 19, ಸಂಗೀತ ಕಛೇರಿಯಾದರೆ ಶೇ. 7. ಕಛೇರಿಯೇ ಹೌದೆಂದು 2016ರಲ್ಲಿ ತೀರ್ಪಾಯಿತು. ಟೆಕ್ನೊ, ಹೌಸ್ ರಾತ್ರಿಗಳೂ ಕಛೇರಿಯ ಸಾಲಿಗೆ ಸೇರಬಹುದೆಂದು 2020ರಲ್ಲಿ ಆ ದೇಶದ ಅತ್ಯುನ್ನತ ತೆರಿಗೆ ನ್ಯಾಯಾಲಯವೂ ಬೇರೆ ಪ್ರಕರಣಗಳಲ್ಲಿ ಒಪ್ಪಿತು. ಜನ ಬರುವುದು ಮುಖ್ಯವಾಗಿ ಯಾವುದಕ್ಕೆ ಎಂಬ ಪ್ರಶ್ನೆ ಹಿಡಿದು ಆ ನ್ಯಾಯಾಧೀಶರು ನಿಮ್ಮ ಬ್ರೂವರಿಯ ಬಾಗಿಲಲ್ಲಿ ಅರ್ಧ ಗಂಟೆ ನಿಂತಿದ್ದರೆ! ಒಂದು ಗೋಡೆಯ ಪರದೆಯಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ವಾರದ ಆಫರ್, ಮೂಲೆಯಲ್ಲಿ ಕಂಪನಿಯೊಂದರ ಟೀಮ್ ಔಟಿಂಗ್. ತೀರ್ಪಿಗೆ ಐದು ನಿಮಿಷವೂ ಹಿಡಿಯುತ್ತಿರಲಿಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಈ ಕುಣಿತದ ತವರು ಮನೆಗಳಲ್ಲಿ ಎರಡು ನ್ಯೂಯಾರ್ಕಿನವು. 1970ರಲ್ಲಿ ಡೇವಿಡ್ ಮ್ಯಾಂಕ್ಯೂಸೊ ತನ್ನ ಮನೆಯಲ್ಲೇ ಶುರುಮಾಡಿದ ಲಾಫ್ಟ್ ಒಂದು. 1977ರಿಂದ 1987ರವರೆಗೆ ಕಾರು ನಿಲ್ಲಿಸುವ ಹಳೆಯ ಗ್ಯಾರೇಜಿನಲ್ಲಿ ನಡೆದ, ಲ್ಯಾರಿ ಲೆವಾನ್ ನುಡಿಸುತ್ತಿದ್ದ ಪ್ಯಾರಡೈಸ್ ಗ್ಯಾರೇಜ್ ಇನ್ನೊಂದು. ಎರಡರಲ್ಲೂ ಮದ್ಯ ಮಾರುತ್ತಿರಲಿಲ್ಲ. ಗುರುತಿನವರಿಗೆ, ಸದಸ್ಯರಿಗೆ ಪ್ರವೇಶ. ಖರ್ಚು ಮಾಡಿದ್ದು ಸ್ಪೀಕರಿಗೆ. ಇಲ್ಲಿ ಆ ಆಟ ನಡೆಯುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, ಆ ವರ್ಷ ಎಷ್ಟೋ ಪಬ್ಬುಗಳ ಸದ್ದಡಗಿತು. ಬಾಡಿಗೆ, ಲೈಸೆನ್ಸು, ಅಬಕಾರಿ ಎಲ್ಲ ಕಟ್ಟಿ ಉಳಿಯಬಲ್ಲವನು ಅಡುಗೆಮನೆ ಮತ್ತು ಬಾರು ಎರಡೂ ಇದ್ದವನೇ. ಸಂಗೀತವನ್ನೇ ನೆಚ್ಚಿಕೊಂಡಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಜಾಗ 2013ರಲ್ಲಿ ಶುರುವಾಗಿ 2019ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಊಟದ ಜಾಗಕ್ಕೇ ನೀವು ಡಿಜೆಯನ್ನು ಕರೆತರಬೇಕು. ಆದರೆ ಊಟದ ಜಾಗಕ್ಕೆ ಕರೆತಂದ ಮೇಲೆ, ಜನ ಊಟ ಮಾಡಿದರು ಎಂದು ಹಲುಬುವುದು ಯಾವ ನ್ಯಾಯ?

ಹೊತ್ತಿನ ಲೆಕ್ಕವೂ ನಿಮ್ಮ ಪರವಾಗಿದೆ. ತೆರೆದ ಜಾಗದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದರಿಂದ ಟೆರೇಸಿನ ಕಾರ್ಯಕ್ರಮಗಳಲ್ಲಿ ಮುಖ್ಯ ಡಿಜೆ ಎಂಟೂವರೆಗೆ ಶುರು ಮಾಡುತ್ತಾರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವ ಜನ ಒಂಬತ್ತೂ ಮುಕ್ಕಾಲಿಗೆ ಬರುತ್ತಾರೆ. ಒಳಾಂಗಣವಾದರೆ ರಾತ್ರಿ ಒಂದು ಗಂಟೆಯ ಗಡುವು. ಅಲ್ಲಿ ನೀವು ಇದಕ್ಕೆ ತದ್ವಿರುದ್ಧವಾದ ಕ್ರಮ ಅನುಸರಿಸುತ್ತೀರಿ. ಬಾರಿನ ವ್ಯಾಪಾರ ಕುದುರಲಿ ಎಂದು ಮುಖ್ಯ ಡಿಜೆಯನ್ನು ಹನ್ನೊಂದೂವರೆವರೆಗೆ ಬಚ್ಚಿಡುತ್ತೀರಿ. ನಾಲ್ಕು ಗಂಟೆ ನಿಧಾನವಾಗಿ ಕಟ್ಟಬೇಕಾದ್ದನ್ನು ಆತ ಒಂದೂವರೆ ಗಂಟೆಯಲ್ಲಿ ಮುಗಿಸಬೇಕು, ಕೊನೆಯಲ್ಲಿ ಪೊಲೀಸರು ಬರುತ್ತಾರೆಂದು ನಿಮ್ಮ ಮ್ಯಾನೇಜರ್ ಕತ್ತು ಕೊಯ್ಯುವ ಸನ್ನೆ ಮಾಡುತ್ತಿರುತ್ತಾರೆ. ಅಷ್ಟರೊಳಗೆ ಕುಣಿಯಲು ಬಂದವರ ಕಾಲು ಸೋತು, ಕುಡಿಯಲು ಬಂದವರಿಗೆ ನಶೆ ಏರಿ, ಇಬ್ಬರೂ ಹದಕ್ಕೆ ಬಂದಿರುತ್ತಾರೆ.

ಬಾಗಿಲ ಬಳಿಯ ನಿಮ್ಮ ನೀತಿಗೂ ಒಂದು ನಮಸ್ಕಾರ. ಒಬ್ಬನೇ ಬಂದ ಗಂಡಸಿಗೆ, ಅಂದರೆ ನಿಮ್ಮ ಭಾಷೆಯ ಸ್ಟ್ಯಾಗ್‌ಗೆ, ಪ್ರವೇಶವಿಲ್ಲ. ಬಿಟ್ಟರೂ ಎರಡು ಪಟ್ಟು ದರ. ಹೆಣ್ಣುಮಕ್ಕಳ ಸುರಕ್ಷತೆಗಾಗಿ ಎನ್ನುತ್ತೀರಿ. ಆ ಭಯ ಸುಳ್ಳಲ್ಲ, ಅದರ ಬಗ್ಗೆ ವ್ಯಂಗ್ಯ ಮಾಡಲಾರೆ. ಆದರೆ ಅಂದು ನಾನು ಕಂಡದ್ದು ಹೇಳುತ್ತೇನೆ. ಟೇಬಲ್‌ಗಳು ನುಂಗಿ ಉಳಿದ ಜಾಗ ಎರಡು ಅಡಿಯ ಓಣಿ. ಶೌಚಾಲಯಕ್ಕೆ, ಬಾರಿಗೆ, ಹೊರಗೆ ಹೋಗಲು ಎಲ್ಲರಿಗೂ ಅದೇ ದಾರಿ. ಹೆಂಗಸರು ಮೈ ಹಿಡಿಮಾಡಿಕೊಂಡು, ಗಾಜಿನ ಲೋಟ ಹಿಡಿದವರ ನಡುವೆ ನುಸುಳಿ ಹೋಗಬೇಕಿತ್ತು. ಬೌನ್ಸರುಗಳಿದ್ದರು, ನಾಲ್ವರೂ ವಿಐಪಿ ಹಗ್ಗದ ಬಳಿ. ನೂಕುವವನು ತಾನು ಬೇಕೆಂದೇ ನೂಕಲಿಲ್ಲ ಎಂದು ಹೇಳಿಕೊಳ್ಳಲು ಇಕ್ಕಟ್ಟು ಎಷ್ಟು ಅನುಕೂಲ ಎಂಬುದು ಬಿಎಂಟಿಸಿ ಬಸ್ಸು ಹತ್ತಿದ ಯಾವ ಹುಡುಗಿಗೂ ಗೊತ್ತು. ಸಂಗೀತ ಕೇಳಲು ಒಂಟಿಯಾಗಿ ಬಂದವನನ್ನು ಹೊರಗಿಟ್ಟು, ಏಳು ಜನರ ಕುಡುಕ ಟೇಬಲ್ಲನ್ನು ಹಾರ ಹಾಕಿ ಒಳಗೆ ಕರೆದದ್ದು ಯಾವ ಸುರಕ್ಷತೆಯೋ ನಾನರಿಯೆ.

ಮೊಬೈಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆರ್ಗ್‌ಹೈನ್‌ನಲ್ಲಿ ಬಾಗಿಲಲ್ಲೇ ಕ್ಯಾಮೆರಾ ಕಣ್ಣಿಗೆ ಸ್ಟಿಕರ್ ಅಂಟಿಸುತ್ತಾರೆ, ಲಂಡನ್ನಿನ ಫ್ಯಾಬ್ರಿಕ್ ಕ್ಲಬ್ 2021ರಲ್ಲಿ ಫೋಟೊ ವಿಡಿಯೊ ಬೇಡವೆಂದಿತು. ನೀವೋ, ಟ್ಯಾಗ್ ಮಾಡಿದವರಿಗೆ ಒಂದು ಶಾಟ್ ಉಚಿತ ಎಂದು ಗೋಡೆಗೆ ಬರೆಸಿದ್ದೀರಿ. ಜನ ನಿಮ್ಮ ಮಾತು ಮೀರಿಲ್ಲ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ತಿಂಗಳು ನೀವು ಜಾಗ ಬದಲಿಸುವ ಯೋಚನೆಯಲ್ಲಿದ್ದೀರೆಂದು ಕೇಳಿದೆ. ದಯವಿಟ್ಟು ದುಡುಕಬೇಡಿ. ಮುನ್ನೂರು ಜನ ಹಿಡಿಸುವ, ತಗ್ಗು ಸೂರಿನ, ಗೋಡೆಗೆ ದಪ್ಪ ಪರದೆ ಇಳಿಬಿಟ್ಟ ಕೋಣೆಯೇನಾದರೂ ಸಿಕ್ಕಿಬಿಟ್ಟರೆ ಕಷ್ಟ. ಅಲ್ಲಿ ಡಿಜೆಯನ್ನು ನೆಲದ ಮೇಲೇ ನಿಲ್ಲಿಸಿ, ಟೇಬಲ್‌ಗಳನ್ನು ಇನ್ನೊಂದು ಕೋಣೆಗೆ ಹಾಕಿ, ಯಾರು ಎಷ್ಟು ಹೊತ್ತಿಗೆ ನುಡಿಸುತ್ತಾರೆಂದು ಮಧ್ಯಾಹ್ನವೇ ತಿಳಿಸಿ, ಕುಡಿಯುವ ನೀರನ್ನು ಕೇಳದೆಯೇ ಕೊಟ್ಟುಬಿಟ್ಟರೆ ಜನ ಕುಣಿಯಲು ಶುರುಮಾಡುವ ಅಪಾಯವಿದೆ. ಕುಣಿಯುವವರು ಮಂಚೂರಿ ತಿನ್ನುವುದಿಲ್ಲ. ಬಾರಿನ ಬಿಲ್ ಇಳಿಯುತ್ತದೆ, ಟಿಕೆಟ್ಟಿನ ದರ ಏರಿಸಬೇಕಾಗುತ್ತದೆ. ಏರಿದ ದರ ಕೊಟ್ಟು ಎಷ್ಟು ಜನ ಬಂದಾರು ಎಂಬುದು ನಿಮ್ಮ ಚಿಂತೆ. ಗೆಸ್ಟ್ ಲಿಸ್ಟ್‌ನಲ್ಲಿ ಹೆಸರು ಹಾಕಿಸಿಕೊಳ್ಳಲು ನಿಮಗೆ ಫೋನ್ ಮಾಡುವ ನನ್ನ ಸಂಗೀತಪ್ರೇಮಿ ಗೆಳೆಯರನ್ನು ನೋಡಿದರೆ ಆ ಚಿಂತೆ ನನಗೂ ಇದೆ.

ಇಂತು ತಮ್ಮ ವಿಶ್ವಾಸಿ,
ನಡುಮನೆಯಲ್ಲಿ ನಿಂತಿದ್ದ ಒಬ್ಬ ಸ್ಟ್ಯಾಗ್

ತಾ.ಕ.: ಅಂದು ಕೊಟ್ಟ ಕವರ್ ಚಾರ್ಜ್‌ನಲ್ಲಿ ನನ್ನದು ಮುನ್ನೂರ ನಲವತ್ತು ರೂಪಾಯಿ ಉಳಿದಿತ್ತು. ಕುಣಿದು ಬಾರಿಗೆ ಬರುವಷ್ಟರಲ್ಲಿ ಆರ್ಡರ್ ನಿಲ್ಲಿಸಿದ್ದರು, ಹಣ ವಾಪಸ್ ಇಲ್ಲವೆಂದರು. ಪರವಾಗಿಲ್ಲ. ಐದನೆಯ ಟೇಬಲ್ಲನ್ನು ಗೋಡೌನಿಗೆ ಸಾಗಿಸುವ ಲಗೇಜ್ ಆಟೊದ ಬಾಡಿಗೆಗೆ ಅದನ್ನು ಜಮಾ ಮಾಡಿಕೊಳ್ಳಿ, ಕಡಿಮೆಬಿದ್ದರೆ ತಿಳಿಸಿ.