ಆವರ್ತಗರ್ಭಾವರ್ತ ಮೀಮಾಂಸೆ

ಒಂದು ಆವರ್ತದ (ಲೂಪಿನ) ಉದರದಲ್ಲಿ ಮತ್ತೊಂದು ಆವರ್ತವನ್ನಿರಿಸಿದರೆ ಕಾಲವು ಕೂಡದೆ ಗುಣಿಸುವುದೆಂಬ ತತ್ತ್ವವನ್ನು ಗಣಕಶಾಸ್ತ್ರಜ್ಞರು ಕಾಗದದ ಮೇಲೆ ಸಾಧಿಸಿ, ಬಾಖ್‌ಮನ್ ಎಂಬ ಜರ್ಮನ್ ಪಂಡಿತನು 1894ರಲ್ಲಿ ಸಂಖ್ಯಾಸಿದ್ಧಾಂತಕ್ಕಾಗಿ ಬಳಕೆಗೆ ತಂದ ‘ಬಿಗ್ ಓ’ ಎಂಬ ದೊಡ್ಡ ಓಕಾರವನ್ನು ಅದರ ಹಣೆಗೆ ತಿಲಕವಾಗಿಟ್ಟು ನಿಶ್ಚಿಂತರಾಗಿರುವರಾದರೂ, ಗಡಿಯಾರ ಹಿಡಿದು ಪರೀಕ್ಷಿಸದ ಸಿದ್ಧಾಂತವು ಒಗ್ಗರಣೆಯಿಲ್ಲದ ಸಾರೆಂದು ಬಗೆದ ಪ್ರಕೃತ ಲೇಖಕನು ಹೈದರಾಬಾದಿನ ನಾಂಪಲ್ಲಿಯ ನುಮಾಯಿಶ್ ಪ್ರದರ್ಶನದ ಮೈದಾನವನ್ನು ಪ್ರಯೋಗಶಾಲೆಯಾಗಿ ವರಿಸಿದನು. 1938ರಲ್ಲಿ ಬಾಗ್-ಎ-ಆಮ್ ಉದ್ಯಾನದಲ್ಲಿ ಮೊದಲಾದ ಆ ಪ್ರದರ್ಶನವು ಇಲ್ಲಿ ನೆಲಸಿದ್ದು 1946ರಲ್ಲಿ; ಮೈಸೂರಿನ ದಿವಾನಗಿರಿ ಮುಗಿಸಿದ್ದ ಮಿರ್ಜಾ ಇಸ್ಮಾಯಿಲ್ಲರು ಹೈದರಾಬಾದಿನ ಪ್ರಧಾನಿಯಾದದ್ದೂ ಆ ವರ್ಷವೇ ಆದುದರಿಂದ, ಈ ಪ್ರಯೋಗದಲ್ಲಿ ಕನ್ನಡಿಗನಿಗೆ ಕಿಂಚಿತ್ ಪಿತ್ರಾರ್ಜಿತ ಹಕ್ಕುಂಟೆಂದು ವಾದಿಸಬಹುದು.

ಯಂತ್ರವು ನಮ್ಮ ಕುಟುಂಬವೇ. ಮಳಿಗೆಯಿಂದ ಮಳಿಗೆಗೆ ಸಾಗುವುದು ಹೊರ ಆವರ್ತ. ಪ್ರತಿ ಮಳಿಗೆಯಲ್ಲಿಯೂ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರೊಡನೆ ನಡೆಸುವ ಸಮಾಲೋಚನೆಯು ಒಳ ಆವರ್ತ. ನಾಲ್ವರಿದ್ದಾಗ ಇಂಥ ಜೋಡಿಗಳು 6. ಕಾಚಿಗುಡದ ಭಾವನವರ ಮನೆಯವರು ಸೇರಿ ಎಂಟಾದಾಗ 28. ಮಂದಿ ಇಮ್ಮಡಿಯಾದರೆ ಮಾತು ನಾಲ್ಮಡಿಯಾಗತಕ್ಕದ್ದಷ್ಟೆ. ನಾಲ್ಕೂವರೆಯನ್ನೂ ಮೀರಿದ್ದೇಕೆಂದು ಭಾವನವರನ್ನು ಶಂಕಿಸುವುದು ಅನ್ಯಾಯ. ಹದಿನಾರಕ್ಕೆ 120, ಮೂವತ್ತೆರಡಕ್ಕೆ 496 ಎಂದು ಮುಂದುವರಿದಂತೆಲ್ಲ ನಿಷ್ಪತ್ತಿಯು ನಾಲ್ಕರತ್ತ ಇಳಿಯುವುದು. ಅಲ್ಪಸಂಖ್ಯೆಯಲ್ಲಿ ಅಳೆದವನು ಮೋಸಹೋಗುವನು. ಮೂವತ್ತೆರಡರ ಪ್ರಯೋಗವನ್ನು ಮುಂದಿನ ಮದುವೆಯವರೆಗೆ ತಡೆಹಿಡಿಯಲಾಗಿದೆ.

ಎಣಿಕೆ ಒಂದೇ ಆದರೂ ಕಾಲ ಒಂದೇ ಆಗದೆಂಬುದಕ್ಕೆ ಅತ್ತಿಗೆಯವರೇ ಪ್ರಮಾಣ. ಸಿ ಭಾಷೆಯು ಕೋಷ್ಟಕದ ಸಂಖ್ಯೆಗಳನ್ನು ಅಡ್ಡಸಾಲಾಗಿಯೂ ಫೋರ್ಟ್ರಾನ್ ಕಂಬಸಾಲಾಗಿಯೂ ಸ್ಮೃತಿಯಲ್ಲಿ ಜೋಡಿಸುವುದರಿಂದ, ನೆರೆಯದನ್ನು ಬಿಟ್ಟು ದೂರದ್ದಕ್ಕೆ ಕೈಚಾಚುವ ಆವರ್ತವು ಅದೇ ಕೆಲಸಕ್ಕೆ ಹೆಚ್ಚು ಹೊತ್ತು ತಿನ್ನುವುದು. ಅತ್ತಿಗೆಯವರಾದರೋ ಕಾಶ್ಮೀರದ ಶಾಲಿನಿಂದ ಲಖನೌವಿನ ಚಿಕನ್ ಕಸೂತಿಗೂ, ಅಲ್ಲಿಂದ ಬಣ್ಣ ನೆನಪಾಗಿ ಪುನಃ ಶಾಲಿಗೂ ಸಂಚರಿಸಿದರು; ಕೊನೆಗೆ ಏನನ್ನೂ ಕೊಳ್ಳಲಿಲ್ಲ. ಫಲವನ್ನು ಯಾರೂ ಬಳಸದ ಆವರ್ತವನ್ನು ಚತುರ ಕಂಪೈಲರು ಓಡಿಸದೆಯೇ ಅಳಿಸಿಬಿಡುವುದುಂಟು, ಆಗ ಅಳತೆಗಾರನ ಗಡಿಯಾರ ಸೊನ್ನೆ ತೋರಿಸುವುದು. ನನ್ನದು ಎರಡು ಗಂಟೆ ನಲವತ್ತು ನಿಮಿಷ ತೋರಿಸಿತು. ಅದನ್ನೂ ಯಂತ್ರ ಇನ್ನೂ ಕಾದಿರಲಿಲ್ಲವೆಂಬ ಶಾಸ್ತ್ರೋಕ್ತ ಕಾರಣದಿಂದ ತಳ್ಳಿಹಾಕಿ, ಎಲ್ಲರಿಗೂ ಇರಾನಿ ಚಹಾ ಕುಡಿಸಿ ಮತ್ತೆ ಅಳೆದೆನು, ಮೂರು ಗಂಟೆಯಾಯಿತು.

ಬಳೆಯ ಮಳಿಗೆಯೊಂದರಲ್ಲಿ ಧೈರ್ಯ ತಂದುಕೊಂಡು, ಶಾಸ್ತ್ರವು 'ಬ್ರೇಕ್' ಎನ್ನುವ ಆಜ್ಞೆಯನ್ನು ಕನ್ನಡದಲ್ಲಿ, "ಸಾಕು" ಎಂದು ಉಚ್ಚರಿಸಿದೆನು. ಆ ಆಜ್ಞೆಯು ತಾನಿರುವ ಒಳ ಆವರ್ತವನ್ನು ಮಾತ್ರ ಮುರಿಯಬಲ್ಲುದು. ಎಂಟು ಮಂದಿಯೂ ವಿಧೇಯರಾಗಿ ಬಳೆಗಳನ್ನು ಕೆಳಗಿಟ್ಟು, ಪಕ್ಕದ ಮಳಿಗೆಯನ್ನು ಹೊಕ್ಕರು.