ಹಾರನಹಳ್ಳಿ ಶವರ್ ಮೀಮಾಂಸೆ

ಪೀಠಿಕೆ

ಅರಸೀಕೆರೆಯಿಂದ ಹಾಸನದ ದಾರಿ ಹಿಡಿದರೆ ಸಿಗುವ ಹಾರನಹಳ್ಳಿಯನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು 1235ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇಗುಲಗಳ ಜಗತಿ, ಭಿತ್ತಿ, ಶಿಖರಗಳನ್ನೆಲ್ಲ ಅಳೆದಿದ್ದಾರೆ. ಆದರೆ ಇದೇ ಊರಿನ ಒಂದು ಮನೆಯ ಬಚ್ಚಲು ರಿಪೇರಿಗೆ ಬಂದಾಗ ಅದಕ್ಕೆ ಯಾವ ಶವರ್ ಹಾಕಿಸಬೇಕೆಂಬ ಪ್ರಶ್ನೆ ಮಾತ್ರ ವಿದ್ವತ್ ಲೋಕದ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆ ನೀಗಿಸುವುದೇ ಈ ಪ್ರಬಂಧದ ಉದ್ದೇಶ. ಪ್ರಬಂಧಕಾರನು ಈ ಮನೆಯ ಅಳಿಯ. ಆದ್ದರಿಂದ ಸಂಶೋಧನೆಗೆ ಬೇಕಾದ ನಿಷ್ಪಕ್ಷಪಾತ ಅವನಿಗೆ ತಾನಾಗಿಯೇ ಒದಗಿದೆ: ಅವನ ಮಾತನ್ನು ಎರಡು ಪಕ್ಷದವರೂ ಕೇಳುವುದಿಲ್ಲ.

ಪಕ್ಷಗಳು ಎರಡು. ಊರಿನಲ್ಲೇ ಇದ್ದು ತೋಟ ನೋಡಿಕೊಳ್ಳುವ ಭಾವ ಒಂದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹಬ್ಬಕ್ಕೆ ಮಾತ್ರ ಬರುವ ಬಾಮೈದ ಇನ್ನೊಂದು. ಲಕ್ಷ್ಮೀನರಸಿಂಹ ಗುಡಿ ತ್ರಿಕೂಟ, ಅಂದರೆ ಮೂರು ಗರ್ಭಗುಡಿಯದು. ಕಟ್ಟಿಸಿದವರೂ ಮೂವರೇ. ಎರಡಕ್ಕೂ ಗಂಟು ಹಾಕುವುದು ಶಾಸ್ತ್ರಸಮ್ಮತವಲ್ಲ, ಗೊತ್ತು. ಆದರೂ ಇಬ್ಬರು ಅಣ್ಣತಮ್ಮಂದಿರು ಒಂದು ಶವರ್ ವಿಷಯಕ್ಕೆ ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ, ತಲೆಗೊಂದು ಗರ್ಭಗುಡಿ ಎಂಬುದು ಮನೆಯ ನೆಮ್ಮದಿಗಾಗಿ ಮಾಡಿಕೊಂಡ ಏರ್ಪಾಡೇ ಇರಬೇಕೆಂದು ಪ್ರಬಂಧಕಾರನ ಊಹೆ.

ಪೂರ್ವಸೂರಿಗಳು

ಸ್ನಾನದ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗಕ್ಕೆಂದೇ ಒಂದು ಭಾಗವಿದೆ. ದೊರೆಯ ಹೆಸರೂ ಸೋಮೇಶ್ವರ, ಹಾರನಹಳ್ಳಿ ದೇವರ ಹೆಸರೂ ಸೋಮೇಶ್ವರ. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಪ್ರಬಂಧದ ತೂಕಕ್ಕಾಗಿ ದಾಖಲಿಸಿದ್ದೇನೆ. ಇಂಗ್ಲೆಂಡಿನಲ್ಲಿ ವಿಲಿಯಂ ಫೀಥಮ್ ಎಂಬ ಒಲೆ ಮಾಡುವವನು 1767ರಲ್ಲಿ ಶವರ್‌ಗೆ ಪೇಟೆಂಟ್ ಪಡೆದ. ಕೈಪಂಪಿನಿಂದ ನೀರನ್ನು ಮೇಲಿನ ತೊಟ್ಟಿಗೆ ಏರಿಸಿ, ಸರಪಳಿ ಎಳೆದು ತಲೆಯ ಮೇಲೆ ಸುರಿದುಕೊಳ್ಳುವುದು. ಕೆಳಗೆ ಬಿದ್ದ ಕೊಳೆನೀರನ್ನೇ ಮತ್ತೆ ಮೇಲೇರಿಸುವುದು. ಮಡಿಯ ದೃಷ್ಟಿಯಿಂದ ಇದು ವಿಚಾರಕ್ಕೇ ಅರ್ಹವಲ್ಲವೆಂದು ಮನೆಯ ಅಜ್ಜಿ ತಳ್ಳಿಹಾಕಿದರು.

ಇನ್ನು ಹೊಯ್ಸಳರು. ಬೇಲೂರಿನ ದರ್ಪಣಸುಂದರಿ ಕನ್ನಡಿ ಹಿಡಿದು ನಿಂತಿದ್ದಾಳೆ, ಮೈಮೇಲೆ ಆಭರಣವೆಲ್ಲ ಇದೆ, ಮಗ್ಗುಲಲ್ಲಿ ಶವರ್ ಇಲ್ಲ. ಇಷ್ಟಕ್ಕೇ ಹೊಯ್ಸಳರಿಗೆ ಶವರ್ ತಿಳಿಯದೆಂದು ತೀರ್ಮಾನಿಸುವುದು ಆತುರ. ಶಿವಾಲಯಗಳಲ್ಲಿ ಲಿಂಗದ ನೆತ್ತಿಗೆ ನೇರವಾಗಿ ತೂಗುವ ಧಾರಾಪಾತ್ರೆಯನ್ನು ನೋಡಿ. ತಳದಲ್ಲಿ ಒಂದೇ ತೂತು. ಪಂಪಿಲ್ಲ, ಪೈಪಿಲ್ಲ, ಕರೆಂಟಿಲ್ಲ, ವಾರಂಟಿ ಕಾರ್ಡೂ ಇಲ್ಲ. ಬಿದ್ದ ನೀರು ನಿಲ್ಲದೆ ಪ್ರಣಾಲದಿಂದ ಹೊರಗೆ ಹೋಗುತ್ತದೆ. ಈಗ ಹೊಸ ಟೈಲ್ಸ್ ಹಾಕಿದ ಎಷ್ಟು ಬಚ್ಚಲುಗಳಲ್ಲಿ ನೀರು ಮೋರಿಯ ಕಡೆಗೆ ಹರಿಯುತ್ತದೆ, ಎಷ್ಟರಲ್ಲಿ ಬಾಗಿಲ ಕಡೆಗೆ ಬರುತ್ತದೆ, ವಾಚಕರೇ ಲೆಕ್ಕ ಹಾಕಲಿ. ಎತ್ತರದಿಂದ ರಭಸವಾಗಿ ಧುಮುಕಿದ ಗಂಗೆಯನ್ನು ಜಟೆಯಲ್ಲಿ ತಡೆದು ಹದವಾಗಿ ಬಿಟ್ಟವನನ್ನು ಪ್ರೆಶರ್ ವಾಲ್ವಿನ ಮೂಲಪುರುಷನೆಂದು ಕರೆಯುವುದಕ್ಕೂ ಅಡ್ಡಿಯಿಲ್ಲ.

ಪೂರ್ವಪಕ್ಷ

ಬಾಮೈದನ ವಾದ ಮೊಬೈಲಿನಲ್ಲಿತ್ತು: ಎಂಟಿಂಚಿನ ರೇನ್ ಶವರ್, ಮಿರಮಿರ ಮಿನುಗುವ ತಟ್ಟೆ, ಗೋಡೆಯೊಳಗೇ ಹುದುಗಿದ ಡೈವರ್ಟರ್. ಹಾಸನದ ಒಂದು ಸ್ಯಾನಿಟರಿ ಅಂಗಡಿಯಲ್ಲಿ ಅದನ್ನು ಓಡಿಸಿಯೂ ತೋರಿಸಿದರು. ಹುಡುಗ ಗುಂಡಿ ಒತ್ತಿದ, ಆಗುಂಬೆಯ ಮಳೆ ಹೊಯ್ಯಿತು, ಬಾಮೈದ ಕರಗಿಹೋದ. ಭಾವ ಮಾತ್ರ ಗೋಡೆಯ ಹಿಂದಿನಿಂದ ಬರುತ್ತಿದ್ದ ‘ಗುಂಯ್’ ಸದ್ದಿಗೆ ಕಿವಿಗೊಟ್ಟು, ಬೋರ್ಡಿನ ಹಿಂದಕ್ಕೆ ಹೋಗಿ ಇಣುಕಿ ಬಂದು, ‘ಮೋಟ್ರು ಐತೆ’ ಎಂದಷ್ಟೇ ಹೇಳಿದರು. ಈ ಎರಡು ಪದಗಳ ಮೇಲೆ ನಮ್ಮ ಸಿದ್ಧಾಂತವೆಲ್ಲ ನಿಂತಿದೆ.

‘ನೀರಿಗೇನು, ಎತ್ತಿನಹೊಳೆ ಬರುತ್ತಲ್ಲ’ ಎಂದು ಬಾಮೈದ ಉಪವಾದ ಹೂಡಿದ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ಸೀಮೆಯಲ್ಲಿ ಪಂಪು ಚಾಲೂ ಆದದ್ದು ನಿಜ. ‘ಅದು ಕುಡಿಯೋ ನೀರಿನ ಯೋಜನೆ ಕಣೋ’ ಎಂದು ಭಾವ ಅಲ್ಲಿಗೇ ಖಂಡಿಸಿದರು.

ಪತನ ಸಿದ್ಧಾಂತ

ನೀರು ಬೀಳುವ ರಭಸ ಕ್ಯಾಟಲಾಗನ್ನು ಕೇಳಿಕೊಂಡು ಬರುವುದಿಲ್ಲ, ಟ್ಯಾಂಕಿನ ಎತ್ತರವನ್ನು ಕೇಳಿಕೊಂಡು ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ, ಇಷ್ಟೇ ಸೂತ್ರ. ಈ ಮನೆಯ ತಾರಸಿ 10 ಅಡಿ; ಅದರ ಮೇಲೆ 3 ಅಡಿ ಕಟ್ಟೆ; ಕಟ್ಟೆಯ ಮೇಲೆ ಕಪ್ಪು ಸಿಂಟೆಕ್ಸ್. ಶವರ್ ಕೂರುವುದು 7 ಅಡಿಯಲ್ಲಿ. ಉಳಿದದ್ದು 6 ಅಡಿ, ಅಂದರೆ 0.18 ಬಾರ್. ಟ್ಯಾಂಕು ಕಂಠಮಟ್ಟ ತುಂಬಿದ್ದರೆ 0.3. ರೇನ್ ಶವರ್ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದದ್ದು 1 ಬಾರ್.

ಕೊರತೆ ತುಂಬಲು ಟ್ಯಾಂಕನ್ನು ಶವರ್‌ಗಿಂತ 33 ಅಡಿ ಮೇಲಿಡಬೇಕು, ನೆಲದಿಂದ 40 ಅಡಿ. ಈ ಸೀಮೆಯಲ್ಲಿ ಅಷ್ಟು ಎತ್ತರಕ್ಕೆ ಸಲೀಸಾಗಿ ಹೋಗಿ ನಿಂತಿರುವುದೆಂದರೆ ಹಿತ್ತಲ ತಿಪಟೂರು ಟಾಲ್ ತೆಂಗು. ಅದರ ಸುಳಿಯಲ್ಲಿ ಸಾವಿರ ಲೀಟರಿನ ಟ್ಯಾಂಕು ಕೂರಿಸುವ ಸಾಧ್ಯತೆಯನ್ನು ಪ್ರಬಂಧಕಾರನು ಗಂಭೀರವಾಗಿಯೇ ಮುಂದಿಟ್ಟನು. ಕೊಬ್ಬರಿ ರೇಟು ಚೆನ್ನಾಗಿದೆಯೆಂದು ಭಾವ ಒಪ್ಪಲಿಲ್ಲ.

ತಟ್ಟೆಯ ವಿಷಯವೂ ಹೀಗೆಯೇ. ಅಗಲ ನಾಲ್ಕಿಂಚಿನಿಂದ ಎಂಟಿಂಚಿಗೆ ಹೋದರೆ ನೋಡುವವರ ಕಣ್ಣಿಗೆ ಎರಡು ಪಟ್ಟು; ನೀರಿನ ಪಾಲಿಗೆ ವಿಸ್ತೀರ್ಣ ನಾಲ್ಕು ಪಟ್ಟು. ಇದ್ದ ಬಡ ನೀರನ್ನು ಅಷ್ಟು ತೂತಿಗೆ ಹಂಚಿದರೆ ಯಾವ ತೂತಿಗೂ ಹೊಟ್ಟೆ ತುಂಬುವುದಿಲ್ಲ. ಅಂಚಿನವು ಬರೀ ಬೆವರುತ್ತವೆ, ನಡುವಿನವು ತೊಟ್ಟಿಕ್ಕುತ್ತವೆ. ಹರಳೆಣ್ಣೆ ಹಚ್ಚಿ ಸೀಗೆಪುಡಿ ತಿಕ್ಕಿದ ತಲೆಯನ್ನು ಅದರ ಕೆಳಗೆ ಒಡ್ಡಿದವರು ಮಧ್ಯಾಹ್ನದ ಊಟದ ಹೊತ್ತಿಗಾದರೂ ಹೊರಗೆ ಬಂದಾರೆಂಬ ಭರವಸೆಯಿಲ್ಲ. ಮಳೆಬೆಳೆಯ ಭವಿಷ್ಯಕ್ಕೆ ನಾಡೇ ಕಿವಿಗೊಡುವ ಕೋಡಿಮಠ ಇದೇ ಊರಿನಲ್ಲಿದೆ. ಆದರೆ ಅದು ಆಕಾಶದ ಮಳೆ. ಬಚ್ಚಲ ಮಳೆಯ ಭವಿಷ್ಯ ನುಡಿಯುವ ಅಧಿಕಾರ ಪ್ಲಂಬರನದು. ಅವನು ಬಂದು, ಮೇಲೆ ನೋಡಿ, ಕೆಳಗೆ ನೋಡಿ, ‘ಇದು ಸುರಿಯಲ್ಲ ಸಾರ್, ಅಳ್ತದೆ’ ಎಂದ.

ಪ್ರೆಶರ್ ಪಂಪು ಹಾಕಿಸಬಹುದಲ್ಲ ಎಂಬುದಕ್ಕೆ ಸಮಾಧಾನ: ಹಾಕಿಸಬಹುದು, ತಣ್ಣೀರಿಗೂ ಬಿಸಿನೀರಿಗೂ ಎರಡಕ್ಕೂ ಹಾಕಿಸಬೇಕು. ತಣ್ಣೀರಿಗೆ ಮಾತ್ರ ಹಾಕಿ ಬಿಸಿನೀರನ್ನು ಅದರ ಪಾಡಿಗೆ ಬಿಟ್ಟರೆ, ಮಿಕ್ಸರಿನಲ್ಲಿ ತಣ್ಣೀರು ಅದನ್ನು ಬಂದ ದಾರಿಗೇ ಹಿಂದಕ್ಕೆ ದಬ್ಬುತ್ತದೆ. ಪಂಪಿಗಿಂತ ಅಗ್ಗದ ದಾರಿ ಟ್ಯಾಂಕಿನಿಂದ ಒಂದಿಂಚಿನ ಪೈಪು ಇಳಿಸಿ, ಬಚ್ಚಲ ಗೋಡೆಗೆ ಬಂದ ಮೇಲಷ್ಟೇ ಅರ್ಧ ಇಂಚಿಗೆ ತರುವುದು, ನಡುವೆ ಎಲ್ಬೋಗಳನ್ನು ಆದಷ್ಟು ತಪ್ಪಿಸುವುದು. ಈ ವಾಕ್ಯದಲ್ಲಿ ತಮಾಷೆಯಿಲ್ಲ, ಕತ್ತರಿಸಿ ಇಟ್ಟುಕೊಳ್ಳಬಹುದು.

ಉಪ್ಪಿನ ಪ್ರಕರಣ

ಅರಸೀಕೆರೆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಿಡಲು ಮನಸ್ಸು ಮಾಡುವುದಿಲ್ಲ. ಕುಡಿಯುವ ನೀರಿನ ಐಎಸ್ 10500 ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ. ಈ ಮನೆಯ ನೀರಿನ ಲ್ಯಾಬ್ ವರದಿ ಹಳೆಯ ನಲ್ಲಿಯ ಮೂತಿಯಲ್ಲೇ ಬೆಳ್ಳಗೆ ಗಡ್ಡ ಬಿಟ್ಟುಕೊಂಡು ನೇತಾಡುತ್ತಿತ್ತು. ಅದು ಸುಣ್ಣದ ಅಂಶ. ಹುಳಿಗೆ ಕರಗುತ್ತದೆ. ನೆನೆಸಿದ ಹುಣಸೆಹಣ್ಣೋ ನಿಂಬೆಯೋ ಸಾಕು, ಆದರೆ ಗೋಡೆಗೆ ಬಿಗಿದ ಎಂಟಿಂಚಿನ ತಟ್ಟೆಗೆ ಮೆಟ್ಟಿಲೇಣಿ ಹತ್ತಿ ಹುಳಿ ಬಳಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದ್ದರಿಂದ ತೂತುಗಳಿಗೆ ಮೆತ್ತನೆ ಸಿಲಿಕೋನ್ ಮೂತಿ ಇರುವ, ಹೆಬ್ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುವ, ಕೈಯಲ್ಲಿ ಹಿಡಿದು ಕೆಳಗಿಳಿಸಬಹುದಾದ ಹ್ಯಾಂಡ್ ಶವರೇ ಈ ನೀರಿಗೆ ಯೋಗ್ಯವೆಂದು ಸಿದ್ಧಾಂತ.

ಲೋಹಪರೀಕ್ಷೆಯಲ್ಲಿ ಭಾವನ ವಿಧಾನ ಉಲ್ಲೇಖಾರ್ಹ. ಕಾಯಿ ಬಲಿತಿದೆಯೋ ಇಲ್ಲವೋ ಎಂದು ಬೆರಳ ಗೆಣ್ಣಿನಿಂದ ಬಡಿದು ಹೇಳುವ ಕೈ ಅದು. ಅಂಗಡಿಯಲ್ಲಿ ಸಾಲಾಗಿಟ್ಟ ನಲ್ಲಿ, ಮಿಕ್ಸರುಗಳನ್ನೆಲ್ಲ ಹಾಗೆಯೇ ಬಡಿಯುತ್ತ ಹೋದರು. ಎಲ್ಲಕ್ಕೂ ಒಂದೇ ಕ್ರೋಮ್ ಹೊಳಪು. ‘ಟಕ್’ ಎಂದವು ಪ್ಲಾಸ್ಟಿಕ್. ‘ಠಣ್’ ಎಂದು, ಎತ್ತಿದರೆ ಕೈ ಜಗ್ಗಿದವು ಹಿತ್ತಾಳೆ. ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಪೂರಾ ತೆರೆಯುವ ಸೆರಾಮಿಕ್ ಡಿಸ್ಕಿನದನ್ನೇ ಆರಿಸಿದರು. ಅಂಗಡಿಯವನು ನೋಡುತ್ತಲೇ ನಿಂತಿದ್ದ.

ಮಿತವ್ಯಯ ವಿಚಾರ ಚಿಕ್ಕದು. ಜಲ ಜೀವನ ಮಿಷನ್ ಹಳ್ಳಿಯ ತಲೆಯೊಂದಕ್ಕೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ನಿಮಿಷಕ್ಕೆ 9 ಲೀಟರ್ ಬಿಡುವ ಶವರ್ ಕೆಳಗೆ ಬಾಮೈದ ಆರು ನಿಮಿಷ ನಿಂತರೆ ಅವತ್ತಿನ ಅವನ ಪಾಲಿನ ನೀರು ತೀರಿತು. ಮೇಲೆ ಕಾಫಿಗೆ ಸಾಲ ಮಾಡಬೇಕು.

ಮೌಖಿಕ ಪರೀಕ್ಷೆ

ಪ್ರಬಂಧವನ್ನು ಜಗಲಿಯಲ್ಲಿ ಅಜ್ಜಿಯ ಮುಂದೆ ಮಂಡಿಸಲಾಯಿತು. ಬಾಮೈದನ ರೇನ್ ಶವರ್ ಆ ಹೊತ್ತಿಗೆ ರದ್ದಾಗಿ, ಹಿತ್ತಾಳೆಯ ಹ್ಯಾಂಡ್ ಶವರ್ ಡಬ್ಬಿಯಲ್ಲಿ ಕೂತಿತ್ತು. ಅಜ್ಜಿ ಅದನ್ನು ತಿರುಗಿಸಿ ನೋಡಿದರು.

‘ಕರೆಂಟ್ ಹೋದ್ರೆ ನೀರು ಬರ್ತದಾ, ಅಳಿಯಂದ್ರೆ?’

ಟ್ಯಾಂಕಿನಲ್ಲಿ ಇರುವಷ್ಟು ಹೊತ್ತು ಬರುತ್ತದೆ, ಪಂಪಿನ ಹಂಗಿಲ್ಲ ಎಂದೆ. ತಲೆಯಾಡಿಸಿದರು.

‘ಬೆನ್ನು ಯಾರು ಉಜ್ತಾರೆ?’

ಇದು ಯಾವ ಕ್ಯಾಟಲಾಗಿನಲ್ಲೂ ಇಲ್ಲದ್ದರಿಂದ ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ ಎಂದೆ.

‘ಸರಿ. ನೀರು ತುಂಬೋ ಹಬ್ಬಕ್ಕೆ ಸುಣ್ಣ, ಕೆಮ್ಮಣ್ಣು ಯಾವುದಕ್ಕೆ ಬಳೀಲಿ? ಈ ಕೊಳವೆಗಾ?’

ಭಾವ ಬಾಮೈದನನ್ನು ನೋಡಿದರು, ಬಾಮೈದ ನನ್ನನ್ನು. ದೀಪಾವಳಿಯ ಹಿಂದಿನ ಸಂಜೆ ಹಂಡೆ ತೊಳೆದು, ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬಿಸುವುದು ಈ ಮನೆಯಲ್ಲಿ ತಪ್ಪಿದ ವರ್ಷವಿಲ್ಲ. ಎರಡೂ ಪಕ್ಷಗಳು ಕಚ್ಚಾಡದೆ ಒಪ್ಪಿದ್ದ ಏಕೈಕ ಅಂಶವೆಂದರೆ ಒಲೆ ಒಡೆದು ಹಂಡೆ ಮಾರುವುದು. ಅಲ್ಲೇ ಗೀಸರ್ ಬರಬೇಕೆಂದು ನಕ್ಷೆಯಲ್ಲಿತ್ತು.

‘ಮೂಲೇಲಿ ಹಾಕ್ಸಿ ಇದನ್ನ. ನೀವು ನೀವು ಹುಯ್ಕೊಳ್ಳಿ. ಹಂಡೆ ಮುಟ್ಟಬೇಡಿ’ ಎಂದು ಅಜ್ಜಿ ಡಬ್ಬಿ ಮುಚ್ಚಿ ಎದ್ದರು.

ಪ್ಲಂಬರ್ ಗೀಸರಿನ ಗುರುತನ್ನು ಎರಡಡಿ ಎಡಕ್ಕೆ ಸರಿಸಿ ಹೊಸದಾಗಿ ಪೆನ್ಸಿಲ್ ಗೀಟು ಹಾಕಿದ. ಗುಜರಿಯವನಿಂದ ಈಸಿಕೊಂಡಿದ್ದ ಅಡ್ವಾನ್ಸ್ ವಾಪಸ್ ಕೊಡಲು ಭಾವ ಅವತ್ತು ಸಂಜೆಯೇ ಬೈಕ್ ಹತ್ತಿ ಅರಸೀಕೆರೆಗೆ ಹೋದರು.